ಎದೆಗೆ ಇಂಪ್ಲಾಂಟ್ ಹಾಕಿಸಿಕೊಂಡ ಮೇಲೆ: ಹಾಸನ, ಚಿಕ್ಕಮಗಳೂರು ಕಡೆಯ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಜರಿ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದು, ನಿವೃತ್ತಿಯಾದ ಮೇಲೆ ಹಾಸನಕ್ಕೆ ಮರಳಿದವಳು ನಾನು. ಬಂದ ಹೊಸದರಲ್ಲಿ ಬಿಪಿ ನೋಡಿ, ಇಂಜೆಕ್ಷನ್ ಹಾಕಿ ಅಂತ ಕರೆಯುತ್ತಿದ್ದರು. ಆಮೇಲಾಮೇಲೆ ಬೇರೆ ಥರದ ಫೋನುಗಳು ಶುರುವಾದವು. "ಅಕ್ಕ, ಒಂದು ವಿಷಯ ಕೇಳ್ಬೇಕು, ಯಾರಿಗೂ ಹೇಳ್ಬೇಡಿ" ಎಂಬಲ್ಲಿಂದಲೇ ಮಾತು ಶುರು. ಇವರೆಲ್ಲ ಆಪರೇಷನ್ ಮಾಡಿಸಿಕೊಂಡಿರುವುದು ಬೆಂಗಳೂರಿನಲ್ಲಿ, ಇಲ್ಲವೇ ಘಟ್ಟ ಇಳಿದು ಮಂಗಳೂರಿನಲ್ಲಿ. ತೊಂದರೆ ಕಾಣಿಸಿಕೊಳ್ಳುವುದು ಮಾತ್ರ ಸಕಲೇಶಪುರದ ತೋಟದ ಮನೆಯಲ್ಲಿ, ಕಡೂರಿನ ಅಡುಗೆಮನೆಯಲ್ಲಿ. ಹಾಸನದಿಂದ ಬೆಂಗಳೂರು ಸುಮಾರು 180 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಇನ್ನೂ ದೂರ. ಮಳೆಗಾಲದಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಜರಿದರೆ ಮಂಗಳೂರಿನ ದಾರಿಯೂ ಬಂದ್. ಹಾಗಾಗಿ ಅವರು ಏನೇ ಕೇಳಿದರೂ ಒಳಗಿರುವ ಪ್ರಶ್ನೆ ಒಂದೇ: ಇದಕ್ಕೆ ಈಗಲೇ ಹೊರಡಬೇಕಾ, ಸೋಮವಾರದವರೆಗೆ ಕಾಯಬಹುದಾ?

ನಾನು ಡಾಕ್ಟರ್ ಅಲ್ಲ. ಔಷಧಿ ಬರೆಯುವುದಿಲ್ಲ. ಯಾವುದಕ್ಕೆ ಓಡಬೇಕು, ಯಾವುದಕ್ಕೆ ಓಡಬೇಕಿಲ್ಲ ಅನ್ನುವುದನ್ನು ಹೇಳಬಲ್ಲೆ.

ಇದೆಲ್ಲ ಸಿನಿಮಾದವರಿಗೆ ಅಲ್ವಾ? ನಮ್ಮ ಕಡೆಯವರೂ ಹಾಕಿಸಿಕೊಳ್ತಾರಾ?

ಹಾಕಿಸಿಕೊಳ್ಳುತ್ತಾರೆ. ನನಗೆ ಫೋನ್ ಮಾಡುವವರಲ್ಲಿ ಹೆಚ್ಚಿನವರು ಸ್ತನ ಕ್ಯಾನ್ಸರಿಗೆ ಎದೆ ತೆಗೆಸಿಕೊಂಡು, ಅದೇ ಜಾಗಕ್ಕೆ ಮತ್ತೆ ರೂಪ ಕೊಡಿಸಿಕೊಂಡವರು. ಒಂದು ಎದೆ ಹುಟ್ಟಿನಿಂದಲೇ ಬೆಳೆಯದಿದ್ದವರಿದ್ದಾರೆ. ದೊಡ್ಡದು ಮಾಡಿಸಿಕೊಳ್ಳಬೇಕು ಅಂತ ಮಾಡಿಸಿಕೊಂಡವರೂ ಇದ್ದಾರೆ. ಅದು ಅವರ ಇಷ್ಟ, ಅದಕ್ಕೆ ಮೂಗು ಮುರಿಯುವ ಕೆಲಸ ನನ್ನದಲ್ಲ. ಆದರೆ ಕ್ಯಾನ್ಸರ್ ಆದ ಎದೆಯಲ್ಲಿ, ಅದರಲ್ಲೂ ರೇಡಿಯೇಷನ್ ಕೊಟ್ಟ ಎದೆಯಲ್ಲಿ, ತೊಡಕುಗಳು ಹೆಚ್ಚು. ಪಕ್ಕದ ಮನೆಯವರಿಗೆ ಏನೂ ಆಗಲಿಲ್ಲ ಅಂತ ನಿಮ್ಮದನ್ನು ಅಳೆಯಬೇಡಿ.

ಒಳಗೆ ಇಟ್ಟಿರುವುದು ಏನು?

ಒಂದು ಚೀಲ. ಚೀಲದ ಹೊರಪದರ ಯಾವಾಗಲೂ ಸಿಲಿಕೋನ್. ಒಳಗೆ ಸಿಲಿಕೋನ್ ಜೆಲ್ ಇರಬಹುದು, ಇಲ್ಲವೇ ಉಪ್ಪುನೀರು, ಅಂದರೆ ನಾವು ಗ್ಲೂಕೋಸ್ ಬಾಟಲಿ ಅಂತ ಕರೆಯುವ ಬಾಟಲಿಯಲ್ಲಿ ಬರುವಂಥದೇ ಸಲೈನ್. ಹೊರಮೈ ನುಣುಪಾಗಿರಬಹುದು, ತರಿತರಿಯಾಗಿಯೂ ಇರಬಹುದು. ಈ ನುಣುಪು-ತರಿಯ ವ್ಯತ್ಯಾಸವನ್ನು ಈಗಲೇ ನೆನಪಿಟ್ಟುಕೊಳ್ಳಿ, ಕ್ಯಾನ್ಸರಿನ ಪ್ರಶ್ನೆ ಬಂದಾಗ ಬೇಕಾಗುತ್ತದೆ. ಮೊಟ್ಟಮೊದಲ ಸಿಲಿಕೋನ್ ಇಂಪ್ಲಾಂಟನ್ನು 1962ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಾಕಿದರು.

ಒಂದು ಸಲ ಹಾಕಿಸಿದರೆ ಜೀವನಪೂರ್ತಿ ಇರುತ್ತದಾ?

ಇಲ್ಲ. ಇದನ್ನು ಆಪರೇಷನ್ನಿಗೆ ಮುಂಚೆ ಯಾರೂ ಹೇಳಿರಲಿಲ್ಲ ಎಂದು ಎಷ್ಟು ಜನ ಅತ್ತಿದ್ದಾರೋ. ಹೇಳಿರುತ್ತಾರೆ ಅಂತಲೇ ನನ್ನ ಅಂದಾಜು. ಆದರೆ ಕ್ಯಾನ್ಸರ್ ಅಂತ ಕೇಳಿದ ವಾರದಲ್ಲಿ ಹೇಳಿದ ಮಾತು ಯಾರ ಕಿವಿಗೆ ಹೋಗುತ್ತದೆ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುವ ಪ್ರಕಾರ ದೊಡ್ಡದು ಮಾಡಿಸಿಕೊಳ್ಳಲು ಹಾಕಿಸಿದವರಲ್ಲಿ ಐವರಲ್ಲಿ ಒಬ್ಬರವರೆಗೂ 8ರಿಂದ 10 ವರ್ಷದೊಳಗೆ ತೆಗೆಸಬೇಕಾಗಿ ಬರುತ್ತದೆ. ಹಾಗಂತ ಹತ್ತು ವರ್ಷ ತುಂಬಿದ ದಿನವೇ ಬದಲಿಸಬೇಕೆಂಬ ನಿಯಮವೇನಿಲ್ಲ. ತೊಂದರೆ ಇಲ್ಲದಿದ್ದರೆ ಇರಲಿ. ವರ್ಷ ಹೋದಂತೆ ತೊಂದರೆಯ ಸಾಧ್ಯತೆ ಏರುತ್ತದೆ, ಹಾಗಾಗಿ ತಪಾಸಣೆ ತಪ್ಪಿಸಬಾರದು, ಅಷ್ಟೇ.

ಮನೆಗೆ ಬಂದ ಮೊದಲ ವಾರ ಯಾವುದಕ್ಕೆ ಹೆದರಬೇಕು?

ಎರಡೂ ಕಡೆ ಸ್ವಲ್ಪ ಬಾವು, ಬಿಗಿತ, ನೀಲಿಗಟ್ಟಿದ ಚರ್ಮ, ಮೊಲೆತೊಟ್ಟಿನ ಹತ್ತಿರ ಜೋಮು, ಇವೆಲ್ಲ ನಿರೀಕ್ಷಿತ. ಜೋಮು ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ, ಕೆಲವರಿಗೆ ಹೋಗುವುದೇ ಇಲ್ಲ. ಎದೆ ತೆಗೆದು ರೂಪ ಕೊಡಿಸಿಕೊಂಡವರಿಗಂತೂ ಸ್ಪರ್ಶ ಪೂರ್ತಿ ಮರಳುವುದು ಅಪರೂಪ.

ಒಂದೇ ಕಡೆ ಗಂಟೆಗಳೊಳಗೆ ದಪ್ಪಗಾಗಿ, ಕಲ್ಲಿನಂತೆ ಬಿಗಿದು, ನೋವು ಮಾತ್ರೆಗೂ ಬಗ್ಗದಿದ್ದರೆ ಒಳಗೆ ರಕ್ತ ಕಟ್ಟಿಕೊಳ್ಳುತ್ತಿದೆ ಎಂದು ಅರ್ಥ. ಅದು ಅದೇ ದಿನದ ಕೆಲಸ; ಬೆಳಗಾಗಲಿ ಎನ್ನುವುದಲ್ಲ. ಒಂದೇ ಕಾಲು ಊದಿ ಮೀನಖಂಡ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಉಸಿರೆಳೆದರೆ ಎದೆ ಚುಚ್ಚುವುದು ಕಂಡರೆ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಆಗ ಬೆಂಗಳೂರಿನ ಡಾಕ್ಟರಿಗೆ ವಾಟ್ಸಾಪ್ ಮಾಡುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಜೀವ ನಿಲ್ಲಿಸಿಕೊಳ್ಳಲು ಪ್ಲಾಸ್ಟಿಕ್ ಸರ್ಜನ್ನೇ ಬೇಕು ಅಂತಿಲ್ಲ.

ಹೊಲಿಗೆಯ ಸುತ್ತ ಕೆಂಪಾಗಿದೆ, ಊರಿನ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಸಾಕಲ್ವಾ?

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಕೈಯಲ್ಲಿ ಕುರುವಾದರೆ ಮಾತ್ರೆ ನುಂಗುತ್ತೇವೆ, ರಕ್ತದ ಮೂಲಕ ಔಷಧಿ ಅಲ್ಲಿಗೆ ತಲುಪಿ ಕ್ರಿಮಿಯನ್ನು ಕೊಲ್ಲುತ್ತದೆ. ಇಂಪ್ಲಾಂಟಿಗೆ ರಕ್ತನಾಳ ಇಲ್ಲ. ಕ್ರಿಮಿ ಅದರ ಮೈಮೇಲೆ ತೆಳ್ಳನೆ ಲೋಳೆಯ ಪದರ ಕಟ್ಟಿಕೊಂಡು ಕೂತುಬಿಟ್ಟರೆ ಔಷಧಿಗೂ ಸಿಗದು, ಮೈಯ ಬಿಳಿ ರಕ್ತಕಣಗಳಿಗೂ ಸಿಗದು. ಕೆರೆಯ ಮೆಟ್ಟಿಲಿನ ಪಾಚಿಯಂತೆ. ಹಾಗಾಗಿ ಚರ್ಮದ ಮೇಲಷ್ಟೇ ಇರುವ ಸೋಂಕು ಮಾತ್ರೆಗೆ ಬಗ್ಗಬಹುದು. ಒಳಗೆ ಇಳಿದದ್ದಕ್ಕೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಬೇಕು. ಅದಕ್ಕೂ ಜಗ್ಗದಿದ್ದರೆ ಇಂಪ್ಲಾಂಟನ್ನೇ ತೆಗೆದು, ಗಾಯ ಪೂರ್ತಿ ಮಾಗಲು ಕೆಲವು ತಿಂಗಳು ಬಿಟ್ಟು ಮತ್ತೆ ಹಾಕುತ್ತಾರೆ.

ಆಪರೇಷನ್ ಆಗಿ ಮೂರನೇ ವಾರದಲ್ಲಿದ್ದ ಒಬ್ಬರಿಗೆ ಒಂದು ಬದಿ ಕೆಂಪಾಯಿತು. ಊರಿನ ಕ್ಲಿನಿಕ್ಕಿನಲ್ಲಿ ಐದು ದಿನದ ಮಾತ್ರೆ, ಮುಗಿದ ಮೇಲೆ ಇನ್ನೈದು ದಿನ. ಎದೆಯಲ್ಲಿ ಇಂಪ್ಲಾಂಟ್ ಇದೆ ಅಂತ ಅವರು ಬಾಯೇ ಬಿಟ್ಟಿರಲಿಲ್ಲ, ನಾಚಿಕೆ. ನನಗೆ ತಿಳಿಯುವ ಹೊತ್ತಿಗೆ ಹೊಲಿಗೆ ಬಿಚ್ಚಿಕೊಂಡು ಕೀವು ಸುರಿಯುತ್ತಿತ್ತು. ಇಂಪ್ಲಾಂಟ್ ಹೋಯಿತು. ತಪ್ಪು ಆ ಡಾಕ್ಟರದ್ದು ಅನ್ನಲಾರೆ, ಅವರಿಗೆ ಗೊತ್ತಿದ್ದರೆ ತಾನೆ?

ಆದ್ದರಿಂದ: 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ, ಹಬ್ಬುತ್ತಿರುವ ಕೆಂಪು, ಮುಟ್ಟಿದರೆ ಬಿಸಿ, ಡ್ರೈನ್ ಕೊಳವೆಯಲ್ಲಿ ಕದಡಿದ ನೀರು ಅಥವಾ ವಾಸನೆ, ಗಾಯದ ಬಾಯಿ ಬಿಚ್ಚುವುದು, ಇವುಗಳಲ್ಲಿ ಒಂದು ಕಂಡರೂ ಆಪರೇಷನ್ ಮಾಡಿದವರಿಗೆ ಅಂದೇ ಫೋನ್. ಪೆನ್ನಿನಿಂದ ಕೆಂಪಿನ ಅಂಚಿಗೆ ಗೆರೆ ಎಳೆದು, ಫೋಟೋ ತೆಗೆದು ಕಳಿಸಿ. ಗೆರೆ ದಾಟಿದರೆ ಹೊರಡಿ. ಸೋಂಕು ಹೆಚ್ಚಾಗಿ ಮೊದಲ ಆರು ವಾರದೊಳಗೆ ಬರುತ್ತದೆ. ವರ್ಷಗಳ ನಂತರ ಬಂದದ್ದೂ ಉಂಟು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಹೊಗೆಸೊಪ್ಪು ಹಾಕುವವರಿಗೆ, ಬೀಡಿ-ಸಿಗರೇಟು ಸೇದುವವರಿಗೆ ಗಾಯ ಮಾಗುವುದೇ ನಿಧಾನ.

ಬಿಸಿನೀರಿನ ಶಾಖ ಕೊಡಬಹುದಾ? ಹರಳೆಣ್ಣೆ? ಅರಿಶಿನ?

ಬೇಡ, ಬೇಡ, ಬೇಡ. ಶಾಖದ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಲೆನಾಡಿನ ಚಳಿಗೆ ಬಿಸಿನೀರಿನ ಚೀಲ ಎದೆಗೆ ಅವಚಿಕೊಂಡು ಮಲಗುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಜೋಮು ಹಿಡಿದ ಚರ್ಮಕ್ಕೆ ಸುಡುವುದು ಗೊತ್ತಾಗುವುದಿಲ್ಲ. ಎದ್ದು ನೋಡಿದರೆ ಬೊಬ್ಬೆ. ಎದೆ ತೆಗೆದ ಮೇಲೆ ಉಳಿಯುವ ಚರ್ಮ ತೆಳ್ಳಗೆ ಬೇರೆ, ಸುಟ್ಟರೆ ಇಂಪ್ಲಾಂಟೇ ಹೊರಗೆ ಕಾಣುವಂತಾಗಬಹುದು. ಆಪರೇಷನ್ ಆಗಿ ವರ್ಷ ಕಳೆದಿದ್ದರೂ ಈ ಎಚ್ಚರ ಇರಲಿ. ಬೆಂಕಿಯ ಮುಂದೆ ಕೂತು ಮೈ ಕಾಯಿಸಿಕೊಳ್ಳುವಾಗಲೂ ಅಷ್ಟೇ.

ತೋಟದ ಕೆಲಸ ಯಾವಾಗ ಶುರು ಮಾಡಬಹುದು?

ನಡೆದಾಡುವುದು ಮರುದಿನದಿಂದಲೇ. ತುಂಬಿದ ಕೊಡ, ಗೊಬ್ಬರದ ಮಂಕರಿ, ಮಗುವನ್ನು ಎತ್ತುವುದು ಸಾಮಾನ್ಯವಾಗಿ ಆರು ವಾರ ಬೇಡ. ಕಾಫಿ ರೆಂಬೆಯನ್ನು ತಲೆಯ ಮೇಲಿಂದ ಬಗ್ಗಿಸಿ ಹಿಡಿದು ಕೊಯ್ಯುವುದು, ಏಣಿ ಹತ್ತಿ ಮೆಣಸು ಬಿಡಿಸುವುದು ಎದೆಯ ಸ್ನಾಯುವನ್ನು ನೇರವಾಗಿ ಎಳೆಯುವ ಕೆಲಸಗಳು. ಇಂಪ್ಲಾಂಟನ್ನು ಸ್ನಾಯುವಿನ ಕೆಳಗೆ ಇಟ್ಟಿದ್ದರೆ ಅದು ಜಾಗ ಬಿಟ್ಟು ಸರಿಯಬಹುದು. ಕೊಯ್ಲಿನ ಲೆಕ್ಕ ಹಾಕಿಯೇ ಆಪರೇಷನ್ ದಿನ ಗೊತ್ತು ಮಾಡಿಕೊಳ್ಳಿ ಅಂತ ನಾನು ಹೇಳುವುದುಂಟು. ಕ್ಯಾನ್ಸರಿನ ಆಪರೇಷನ್ ಮಾತ್ರ ಯಾವ ಕೊಯ್ಲಿಗೂ ಕಾಯಬಾರದು. ಕಾರಿನಲ್ಲಿ ಸೀಟ್ ಬೆಲ್ಟ್ ಬಿಡಬೇಡಿ, ನಡುವೆ ಒಂದು ಚಿಕ್ಕ ದಿಂಬು ಇಟ್ಟುಕೊಳ್ಳಿ.

ಎರಡು ವರ್ಷವಾಯಿತು, ಒಂದು ಎದೆ ದಿನೇ ದಿನೇ ಗಟ್ಟಿಯಾಗುತ್ತಿದೆ. ಏನಿದು?

ಹೊರಗಿನ ವಸ್ತು ಏನೇ ಒಳಹೊಕ್ಕರೂ ಮೈ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಅದು ಎಲ್ಲರಿಗೂ ಆಗುತ್ತದೆ, ಆಗಲೇಬೇಕು. ಕೆಲವರಲ್ಲಿ ಆ ಪೊರೆ ದಪ್ಪವಾಗಿ, ಸುರುಟಿಕೊಂಡು, ಇಂಪ್ಲಾಂಟನ್ನು ಹಿಂಡತೊಡಗುತ್ತದೆ. ಕ್ಯಾಪ್ಸುಲರ್ ಕಾಂಟ್ರಾಕ್ಚರ್ ಎನ್ನುತ್ತಾರೆ. ಇಂಪ್ಲಾಂಟಿನ ತೊಡಕುಗಳಲ್ಲಿ ಅತಿ ಹೆಚ್ಚು ಕಾಣುವವುಗಳಲ್ಲಿ ಇದೊಂದು.

ಡಾಕ್ಟರುಗಳು ಇದನ್ನು ಬೇಕರ್ ಎಂಬ ಅಳತೆಯಲ್ಲಿ ನಾಲ್ಕು ಹಂತವಾಗಿ ನೋಡುತ್ತಾರೆ. ಮೊದಲ ಹಂತ ಮೃದು, ಸಹಜ. ಎರಡನೆಯದರಲ್ಲಿ ಮುಟ್ಟಿದರೆ ಗಟ್ಟಿ, ನೋಡಲು ಸರಿ. ಮೂರನೆಯದರಲ್ಲಿ ಆಕಾರ ಕೆಡುವುದು ಕಣ್ಣಿಗೇ ಕಾಣುತ್ತದೆ. ನಾಲ್ಕನೆಯದರಲ್ಲಿ ನೋವೂ ಸೇರುತ್ತದೆ, ಮಗ್ಗುಲಾಗಿ ಮಲಗಲಾಗುವುದಿಲ್ಲ. ಒಂದೆರಡಕ್ಕೆ ನಿಗಾ ಸಾಕು. ಮೂರು, ನಾಲ್ಕಕ್ಕೆ ಮತ್ತೆ ಆಪರೇಷನ್: ಪೊರೆಯನ್ನು ತೆಗೆದು ಅಥವಾ ಸೀಳಿ, ಇಂಪ್ಲಾಂಟ್ ಬದಲಿಸುವುದು, ಬೇಡವೆಂದರೆ ತೆಗೆದೇ ಬಿಡುವುದು. ರೇಡಿಯೇಷನ್ ಆದವರಲ್ಲಿ, ಮೊದಲು ರಕ್ತ ಕಟ್ಟಿದ್ದವರಲ್ಲಿ, ಸೋಂಕಾದವರಲ್ಲಿ ಇದು ಹೆಚ್ಚು. ಒಮ್ಮೆ ಸರಿಪಡಿಸಿದ ಮೇಲೂ ಮರುಕಳಿಸಬಹುದು.

ಹಿಂದೆ ಡಾಕ್ಟರುಗಳೇ ಎರಡೂ ಕೈಯಿಂದ ಎದೆಯನ್ನು ಗಟ್ಟಿಯಾಗಿ ಅಮುಕಿ ಆ ಪೊರೆಯನ್ನು ಒಳಗೇ ಒಡೆಯುತ್ತಿದ್ದ ಕಾಲವಿತ್ತು. ಪೊರೆಯ ಜೊತೆ ಇಂಪ್ಲಾಂಟೂ ಒಡೆಯುತ್ತಿತ್ತು, ಹಾಗಾಗಿ ಬಿಟ್ಟರು. ಯಾರಾದರೂ ಮಸಾಜು ಮಾಡಿ ಸಡಿಲಿಸುತ್ತೇನೆ ಅಂದರೆ ಇದನ್ನು ನೆನಪಿಸಿಕೊಳ್ಳಿ.

ಒಳಗೆ ಒಡೆದರೆ ಗೊತ್ತಾಗುತ್ತದಾ? ವಿಷವಾಗುತ್ತದಾ?

ಉಪ್ಪುನೀರಿನದಾದರೆ ಗೊತ್ತಾಗುತ್ತದೆ, ಕೆಲವು ದಿನಗಳಲ್ಲಿ ಎದೆ ಇಳಿದುಹೋಗುತ್ತದೆ. ಆ ನೀರನ್ನು ಮೈ ಹೀರಿಕೊಳ್ಳುತ್ತದೆ, ಅದರಿಂದ ಅಪಾಯವಿಲ್ಲ.

ಜೆಲ್ ಹಾಗಲ್ಲ. ಅದು ಅಂಟಂಟಾಗಿ ಗಟ್ಟಿ, ಚೀಲ ಹರಿದರೂ ಸುತ್ತಲಿನ ಪೊರೆಯೊಳಗೇ ನಿಂತಿರುತ್ತದೆ. ನೋವಿಲ್ಲ, ಆಕಾರವೂ ಬದಲಾಗದಿರಬಹುದು. ಅದಕ್ಕೇ ಇದಕ್ಕೆ ಸದ್ದಿಲ್ಲದ ಒಡೆತ ಎನ್ನುತ್ತಾರೆ. ಕೈಯಿಂದ ಮುಟ್ಟಿ ನೋಡಿ ಡಾಕ್ಟರಿಗೂ ಹೇಳಲು ಕಷ್ಟ. ಸ್ಕ್ಯಾನಿಂಗಿನಲ್ಲೇ ಕಾಣಬೇಕು. 2020ರಿಂದ ಎಫ್‌ಡಿಎ ಕೊಡುವ ಸಲಹೆ: ಜೆಲ್ ಇಂಪ್ಲಾಂಟ್ ಇದ್ದವರು ತೊಂದರೆ ಇರಲಿ ಬಿಡಲಿ 5ರಿಂದ 6ನೇ ವರ್ಷದಲ್ಲಿ ಮೊದಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕು, ಆಮೇಲೆ 2-3 ವರ್ಷಕ್ಕೊಮ್ಮೆ. ಒಡೆದದ್ದನ್ನು ಪತ್ತೆ ಹಚ್ಚುವುದರಲ್ಲಿ ಎಂಆರ್‌ಐ ಮುಂದು. ಬರೀ ಒಡೆತ ನೋಡುವುದಕ್ಕೆ ಬಣ್ಣದ ಇಂಜೆಕ್ಷನ್ ಬೇಕಿಲ್ಲ, ಕ್ಯಾನ್ಸರ್ ಹುಡುಕುವುದಕ್ಕೆ ಬೇಕು. ಎಂಆರ್‌ಐಯಲ್ಲಿ ಹರಿದ ಚೀಲ ಜೆಲ್‌ನೊಳಗೆ ಎಳೆಎಳೆಯಾಗಿ ಮಡಿಚಿ ತೇಲುವುದು ಕಾಣುತ್ತದೆ. ಅದಕ್ಕೆ ಡಾಕ್ಟರುಗಳು ಲಿಂಗ್ವಿನಿ ಎಂಬ ಇಟಲಿಯ ಶ್ಯಾವಿಗೆಯ ಹೆಸರಿಟ್ಟಿದ್ದಾರೆ. ನಮ್ಮ ಕಡೆಯವರು ಕಂಡುಹಿಡಿದಿದ್ದರೆ ಒತ್ತು ಶ್ಯಾವಿಗೆ ಎನ್ನುತ್ತಿದ್ದರೇನೋ.

ಒಂದು ಎಚ್ಚರಿಕೆ. ಇಂಪ್ಲಾಂಟಿಗೆ ಮುಂಚೆ ಚರ್ಮ ಹಿಗ್ಗಿಸಲು ಎಕ್ಸ್‌ಪಾಂಡರ್ ಎಂಬ ಚೀಲ ಇಡುತ್ತಾರಲ್ಲ, ಅಂಥ ಹಲವು ಚೀಲಗಳಲ್ಲಿ ಅಯಸ್ಕಾಂತ ಇರುತ್ತದೆ. ಅದು ಒಳಗಿರುವಾಗ ಬೆನ್ನುನೋವಿಗೆ, ತಲೆನೋವಿಗೆ ಅಂತ ಎಂಆರ್‌ಐಗೆ ಹೋದರೆ ಮೊದಲೇ ಹೇಳಬೇಕು.

ಪೊರೆಯನ್ನೂ ದಾಟಿ ಹೊರಬಂದ ಜೆಲ್ ಗಂಟು ಕಟ್ಟಬಹುದು, ಕಂಕುಳಿನ ಗ್ರಂಥಿಗೆ ಸೇರಬಹುದು. ಕ್ಯಾನ್ಸರ್ ಆದವರಿಗೆ ಇದು ದೊಡ್ಡ ಗಾಬರಿ, ಏಕೆಂದರೆ ಸ್ಕ್ಯಾನಿಂಗಿನಲ್ಲಿ ಕ್ಯಾನ್ಸರ್ ಹರಡಿದಂತೆಯೇ ಕಾಣಬಹುದು. ಸೂಜಿ ಹಾಕಿ ಪರೀಕ್ಷಿಸಿದ ಮೇಲಷ್ಟೇ ನಿರ್ಧಾರ. ಒಡೆದದ್ದು ಖಚಿತವಾದರೆ ಸಾಮಾನ್ಯವಾಗಿ ತೆಗೆಯಲು ಹೇಳುತ್ತಾರೆ. ಆದರೆ ಅದು ಆಂಬುಲೆನ್ಸ್ ಕರೆಸುವ ತುರ್ತಲ್ಲ, ವಾರಗಳ ಲೆಕ್ಕದಲ್ಲಿ ದಿನ ಗೊತ್ತು ಮಾಡಿಕೊಂಡು ಮಾಡಿಸುವ ಕೆಲಸ. ವಿಷದ ಮಾತು ಹುಟ್ಟಿದ್ದರಲ್ಲಿ ಫ್ರಾನ್ಸಿನ ಪಿಐಪಿ ಎಂಬ ಕಂಪನಿಯ ಪಾಲೂ ಇದೆ. ಆ ಕಂಪನಿ ವೈದ್ಯಕೀಯ ಜೆಲ್ ಬಿಟ್ಟು ಕೈಗಾರಿಕೆಯ ಅಗ್ಗದ ಸಿಲಿಕೋನ್ ತುಂಬಿ ಮಾರಿದ್ದು 2010ರಲ್ಲಿ ಹೊರಬಿತ್ತು, ಮಾಲೀಕನಿಗೆ 2013ರಲ್ಲಿ ನಾಲ್ಕು ವರ್ಷ ಜೈಲು ಶಿಕ್ಷೆಯಾಯಿತು.

ದೇವೀರಮ್ಮನ ಬೆಟ್ಟ ಹತ್ತಬಹುದಾ? ಎತ್ತರಕ್ಕೆ ಹೋದರೆ ಒಡೆಯುತ್ತದಂತೆ?

ಇಲ್ಲ. ಮುಳ್ಳಯ್ಯನಗಿರಿಯ ತುದಿಯಲ್ಲೂ ಒಡೆಯುವುದಿಲ್ಲ, ವಿಮಾನದಲ್ಲೂ ಒಡೆಯುವುದಿಲ್ಲ. ಗಾಯ ಮಾಗಿದ ಮೇಲೆ ಆರಾಮಾಗಿ ಹತ್ತಿ. ದೀಪಾವಳಿಯ ನೂಕುನುಗ್ಗಲಿನಲ್ಲಿ ಬೀಳದಂತೆ ನೋಡಿಕೊಳ್ಳಿ, ಎದೆಗೆ ಜೋರು ಪೆಟ್ಟು ಬೀಳುವುದು ಒಳ್ಳೆಯದಲ್ಲ.

ಇಂಪ್ಲಾಂಟಿನಿಂದಲೇ ಕ್ಯಾನ್ಸರ್ ಬರುತ್ತದೆ ಅಂತಾರೆ, ನಿಜವಾ?

ಸ್ತನ ಕ್ಯಾನ್ಸರ್ ಇದರಿಂದ ಬರುವುದಿಲ್ಲ. ಆದರೆ ಇಂಪ್ಲಾಂಟಿನ ಸುತ್ತಲಿನ ಪೊರೆಯಲ್ಲಿ ಹುಟ್ಟುವ ಬೇರೆಯೇ ಒಂದು ಕ್ಯಾನ್ಸರ್ ಇದೆ, ಅಪರೂಪದ್ದು. ಬಿಐಎ-ಎಎಲ್‌ಸಿಎಲ್ ಅಂತ ಉದ್ದದ ಹೆಸರು. ಅದು ಲಿಂಫೋಮಾ, ಅಂದರೆ ರೋಗನಿರೋಧಕ ಕಣಗಳ ಕ್ಯಾನ್ಸರ್. ಎಫ್‌ಡಿಎ ಇದರ ಬಗ್ಗೆ ಮೊದಲು ಎಚ್ಚರಿಸಿದ್ದು 2011ರಲ್ಲಿ. ಜುಲೈ 2019ರಲ್ಲಿ ಅದು ಕೊಟ್ಟ ಲೆಕ್ಕದಲ್ಲಿ ಜಗತ್ತಿನಾದ್ಯಂತ 573 ಪ್ರಕರಣಗಳು, 33 ಸಾವುಗಳಿದ್ದವು. ಹೆಚ್ಚಿನವು ಅಲರ್ಗನ್ ಕಂಪನಿಯ ಬಯೋಸೆಲ್ ಎಂಬ ತರಿಮೈ ಇಂಪ್ಲಾಂಟಿಗೆ ಸೇರಿದವು. ಅದೇ ತಿಂಗಳು ಕಂಪನಿ ಅವನ್ನು ಲೋಕದಾದ್ಯಂತ ಮಾರುಕಟ್ಟೆಯಿಂದ ವಾಪಸು ಪಡೆಯಿತು.

ಇದರ ಲಕ್ಷಣ ಹೆಚ್ಚಾಗಿ ಗಂಟಲ್ಲ, ನೀರು. ಆಪರೇಷನ್ ಆಗಿ ವರ್ಷಗಳಾದ ಮೇಲೆ, ಸಾಮಾನ್ಯವಾಗಿ ಎಂಟು ಹತ್ತು ವರ್ಷದ ಹೊತ್ತಿಗೆ, ಒಂದು ಎದೆ ಇದ್ದಕ್ಕಿದ್ದಂತೆ ಊದಿಕೊಳ್ಳುತ್ತದೆ. "ಏಟು ಬಿದ್ದಿರಬೇಕು", "ಮುಟ್ಟಿನ ಮುಂಚಿನ ಬಾವು" ಅಂತ ಸುಮ್ಮನಾಗುವುದು ಇಲ್ಲೇ. ಬೇಡ. ಅಲ್ಟ್ರಾಸೌಂಡ್ ಮಾಡಿಸಿ, ನೀರಿದ್ದರೆ ಸೂಜಿಯಿಂದ ತೆಗೆಸಿ, ಅದನ್ನು ಚೆಲ್ಲದೆ ಸಿಡಿ30 ಎಂಬ ಪರೀಕ್ಷೆ ಇರುವ ಲ್ಯಾಬಿಗೆ ಕಳಿಸಬೇಕು. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದು ವಾಸಿ. ಪೊರೆಯೊಳಗೇ ಇರುವಾಗ ಸಿಕ್ಕರೆ, ಇಂಪ್ಲಾಂಟನ್ನೂ ಪೊರೆಯನ್ನೂ ಇಡಿಯಾಗಿ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ.

ನಿಮ್ಮದು ತರಿಮೈಯದ್ದು, ಆದರೆ ಯಾವ ತೊಂದರೆಯೂ ಇಲ್ಲ. ಆಗ? ಹೆದರಿ ತೆಗೆಸಬೇಕಿಲ್ಲ ಎನ್ನುವುದೇ ಎಫ್‌ಡಿಎ ಸಲಹೆ, ಆಪರೇಷನ್ನಿಗೂ ಅದರದೇ ಅಪಾಯಗಳಿವೆ. 2022ರಲ್ಲಿ ಅದೇ ಪೊರೆಯಲ್ಲಿ ಇನ್ನೂ ಅಪರೂಪದ ಬೇರೆ ಕ್ಯಾನ್ಸರುಗಳೂ ಕಂಡುಬಂದಿವೆ ಎಂದು ತಿಳಿಸಿದರು. ನುಣುಪು ಮೈಯವರಲ್ಲೂ ಅವು ಕಂಡಿವೆ. ಹಾಗಾಗಿ ಹೊಸ ಊತ, ಹೊಸ ನೋವು, ಹೊಸ ಗಂಟು ಯಾರಿಗೇ ಕಂಡರೂ ಆ ವಾರದೊಳಗೆ ತೋರಿಸಿ.

ಹಾಕಿಸಿದಾಗಿನಿಂದ ಸುಸ್ತು, ಕೀಲುನೋವು, ಮರೆವು, ಕೂದಲು ಉದುರುವುದು. ಇದರಿಂದಲೇ ಇರಬಹುದಾ?

ಹೀಗೆ ಹೇಳುವ ಹೆಂಗಸರು ಜಗತ್ತಿನ ಎಲ್ಲ ಕಡೆ ಇದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಬ್ರೆಸ್ಟ್ ಇಂಪ್ಲಾಂಟ್ ಇಲ್‌ನೆಸ್ ಅಂತ ಇದಕ್ಕೆ ಹೆಸರೂ ಬಿದ್ದಿದೆ. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆ ಯಾವುದೂ ಇಲ್ಲ, ಕಾರಣ ಇಂಥದ್ದೇ ಅಂತ ಸಾಬೀತಾಗಿಲ್ಲ. ತೆಗೆಸಿದ ಮೇಲೆ ಹಲವರು ಸುಧಾರಿಸಿದ್ದಾರೆ, ಕೆಲವರು ಇಲ್ಲ. 2021ರಿಂದ ಅಮೆರಿಕದಲ್ಲಿ ಆಪರೇಷನ್ನಿಗೆ ಮುಂಚೆಯೇ ಈ ಲಕ್ಷಣಗಳ ಬಗ್ಗೆ ತಿಳಿಸಬೇಕೆಂಬ ಎಚ್ಚರಿಕೆಯನ್ನು ಸೇರಿಸಿದ್ದಾರೆ.

ಆದರೆ ತೆಗೆಸಲು ಓಡುವ ಮುಂಚೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ವಿಟಮಿನ್ ಡಿ ನೋಡಿಸಿ. ನಮ್ಮ ಹೆಣ್ಣುಮಕ್ಕಳ ಸುಸ್ತಿಗೆ ಅರ್ಧಕ್ಕರ್ಧ ಕಾರಣ ಇವುಗಳಲ್ಲೇ ಸಿಗುತ್ತದೆ ಎಂಬುದು ನನ್ನ ಅನುಭವ. ಕ್ಯಾನ್ಸರಿಗೆ ಲೆಟ್ರೊಜೋಲ್ ನುಂಗುತ್ತಿದ್ದರೆ ಕೀಲುನೋವು ಆ ಮಾತ್ರೆಯದೇ ಇರಬಹುದು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. "ಎಲ್ಲ ನಿಮ್ಮ ಮನಸ್ಸಿನದ್ದು" ಎಂದು ಕಳಿಸಿಬಿಡುವ ಡಾಕ್ಟರು ಸಿಕ್ಕರೆ ಇನ್ನೊಬ್ಬರ ಹತ್ತಿರ ಹೋಗಿ.

ಮ್ಯಾಮೊಗ್ರಾಮ್ ಮಾಡಿಸಬಹುದಾ?

ಮಾಡಿಸಬೇಕು. ಇಂಪ್ಲಾಂಟ್ ಇದೆ ಅಂತ ಟೆಕ್ನಿಷಿಯನ್‌ಗೆ ಮೊದಲೇ ಹೇಳಿ. ಅದನ್ನು ಹಿಂದಕ್ಕೆ ತಳ್ಳಿ, ಎದೆಯ ಭಾಗವನ್ನಷ್ಟೇ ಮುಂದೆ ಎಳೆದು ಹೆಚ್ಚುವರಿ ಚಿತ್ರ ತೆಗೆಯುವ ವಿಧಾನ ಇದೆ. ಅದನ್ನು ಬಲ್ಲವರ ಹತ್ತಿರವೇ ಮಾಡಿಸಿ. ಎದೆ ಪೂರ್ತಿ ತೆಗೆಸಿದ ಬದಿಗೆ ಸಾಮಾನ್ಯವಾಗಿ ಮ್ಯಾಮೊಗ್ರಾಮ್ ಇಲ್ಲ, ಇನ್ನೊಂದು ಬದಿಗೆ ಬಿಡಬಾರದು.

ಮುಂದೆ ಮಗುವಿಗೆ ಹಾಲು ಕೊಡಬಹುದಾ?

ಎದೆಯ ಗ್ರಂಥಿ ಉಳಿದಿದ್ದರೆ ಹಲವರು ಕೊಡುತ್ತಾರೆ. ತೊಟ್ಟಿನ ಸುತ್ತ ಕೊಯ್ದು ಹಾಕಿದ್ದರೆ ಹಾಲು ಕಡಿಮೆಯಾಗುವ ಸಾಧ್ಯತೆ ಹೆಚ್ಚು, ಎದೆಯ ಕೆಳಮಡಿಕೆಯಲ್ಲಿ ಕೊಯ್ದಿದ್ದರೆ ಕಡಿಮೆ. ಬಾಣಂತನ ಮಾಡುವವರಿಗೆ ಒಂದು ಮಾತು: ಮಗುವಿನ ತೂಕ ವಾರವಾರ ನೋಡಿಸಿ. ಎಣ್ಣೆ ಹಚ್ಚಿ ಎದೆ ನೀವುವುದು ಬೇಡ.

ಆಪರೇಷನ್ ಇಲ್ಲದೆ ಇಂಜೆಕ್ಷನ್ನಿನಲ್ಲೇ ದೊಡ್ಡದು ಮಾಡುತ್ತಾರಂತೆ?

ಹತ್ತಿರವೂ ಸುಳಿಯಬೇಡಿ. ಸಿಲಿಕೋನನ್ನು ಹಾಗೇ ದ್ರವವಾಗಿ ಚುಚ್ಚಿದರೆ ಅದನ್ನು ಹಿಡಿದಿಡಲು ಚೀಲವಿಲ್ಲ. ಹರಡುತ್ತದೆ, ಗಂಟಾಗುತ್ತದೆ, ಚರ್ಮ ಕೊಳೆಯುತ್ತದೆ, ರಕ್ತನಾಳಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಒಮ್ಮೆ ಹೋದದ್ದನ್ನು ಪೂರ್ತಿ ತೆಗೆಯಲೂ ಆಗುವುದಿಲ್ಲ.

ಸಾಕಾಗಿದೆ, ತೆಗೆಸಿಬಿಟ್ಟರೆ?

ತೆಗೆಸಬಹುದು. ಬದಲಿ ಹಾಕಿಸಲೇಬೇಕೆಂದಿಲ್ಲ. ಚರ್ಮ ಜೋಲುವುದು, ಎದೆ ಹಿಂದಿನಂತಾಗದಿರುವುದು ಇರುತ್ತದೆ, ಅದಕ್ಕೆ ಮನಸ್ಸು ತಯಾರಿರಬೇಕು. ಕ್ಯಾನ್ಸರ್ ಆದವರಿಗೆ ಹೊಟ್ಟೆಯ ಅಥವಾ ಬೆನ್ನಿನ ಸ್ವಂತ ಮಾಂಸ-ಕೊಬ್ಬಿನಿಂದ ಎದೆ ಕಟ್ಟುವ ದಾರಿಯೂ ಇದೆ: ದೊಡ್ಡ ಆಪರೇಷನ್, ಹೆಚ್ಚು ದಿನ ಆಸ್ಪತ್ರೆ, ಆದರೆ ಹೊರಗಿನ ವಸ್ತು ಇಲ್ಲ. ಪೊರೆಯನ್ನೂ ಇಡಿಯಾಗಿ ತೆಗೆಸಲೇಬೇಕು ಅಂತ ಇಂಟರ್‌ನೆಟ್ಟಿನಲ್ಲಿ ಓದಿ ಬಂದವರು ಹಟ ಹಿಡಿಯುತ್ತಾರೆ. ಲಿಂಫೋಮಾ ಇದ್ದರೆ ಹೌದು. ಉಳಿದವರಿಗೆ ಅದು ಸರ್ಜನ್ ಜೊತೆ ಕೂತು ತೂಗಿ ನೋಡಬೇಕಾದ ವಿಷಯ. ಪೊರೆ ಪಕ್ಕೆಲುಬಿಗೆ ಅಂಟಿಕೊಂಡಿದ್ದರೆ ಕೀಳುವುದರಿಂದಲೇ ಶ್ವಾಸಕೋಶದ ಹೊದಿಕೆಗೆ ಗಾಯವಾಗಬಹುದು.

ಆಸ್ಪತ್ರೆಯವರು ಒಂದು ಕಾರ್ಡ್ ಕೊಟ್ಟಿದ್ದರು. ಅದು ಬೇಕಾ?

ಬೇಕು. ಕಂಪನಿಯ ಹೆಸರು, ಮಾದರಿ, ಅಳತೆ, ನುಣುಪೋ ತರಿಯೋ, ಸೀರಿಯಲ್ ನಂಬರ್, ಎಲ್ಲ ಅದರಲ್ಲಿದೆ. ಹತ್ತು ವರ್ಷದ ನಂತರ ಯಾವುದೋ ಮಾದರಿ ವಾಪಸು ಪಡೆದರು ಎಂಬ ಸುದ್ದಿ ಬಂದರೆ ನಿಮ್ಮದು ಅದೇನಾ ಎಂದು ಹೇಳುವುದು ಆ ಕಾರ್ಡ್ ಮಾತ್ರ. ಕಳೆದಿದ್ದರೆ ಆಸ್ಪತ್ರೆಗೆ ಬರೆದು ಆಪರೇಷನ್ ನೋಟ್ಸ್ ಕೇಳಿ; ಇಂಪ್ಲಾಂಟ್ ಡಬ್ಬಿಯ ಸ್ಟಿಕ್ಕರನ್ನು ಕೇಸ್ ಶೀಟಿಗೆ ಅಂಟಿಸುವ ಪದ್ಧತಿ ಇದೆ. ಇಂಪ್ಲಾಂಟಿನಂಥ ಸಾಧನಗಳಿಂದ ತೊಂದರೆಯಾದರೆ ವರದಿ ಮಾಡಲು 2015ರಿಂದ ಕೇಂದ್ರ ಸರ್ಕಾರದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಇದೆ. ವರದಿ ತುಂಬುವಾಗಲೂ ಇದೇ ನಂಬರ್ ಬೇಕು.

ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಬಚ್ಚಿಟ್ಟಿರುವುದು ಗೊತ್ತು. ಅಲ್ಲೇ ಇರಲಿ. ಫೋಟೋ ಒಂದು ಫೋನಿನಲ್ಲಿರಲಿ, ಅಕ್ಕನಿಗೋ ಗೆಳತಿಗೋ ಮಗಳಿಗೋ ಒಬ್ಬರಿಗೆ ಕಳಿಸಿ ಯಾತರದ್ದು ಅಂತ ಹೇಳಿಡಿ. ರಾತ್ರಿ ಎರಡು ಗಂಟೆಗೆ ಜ್ವರದಲ್ಲಿ ನೀವು ತೊದಲುವಾಗ ಕ್ಯಾಷುವಾಲ್ಟಿಯ ಡ್ಯೂಟಿ ಡಾಕ್ಟರಿಗೆ ಅದನ್ನು ತೋರಿಸುವವರು ಅವರೇ.